ಅಮಾವಾಸ್ಯೆಯ ಕೆಂಪು ನೀರು

ನನ್ನ ತವರು ಗಜೇಂದ್ರಗಡದಲ್ಲಿ ಧಬಧಬಿ ಇದೆ ಎಂದರೆ ರೋಣದ ಜನ ಇವತ್ತಿಗೂ ನಗುತ್ತಾರೆ. ಮದುವೆಯಾಗಿ ಈ ಊರಿಗೆ ಬಂದ ಹೊಸತರಲ್ಲಿ ಓಣಿಯ ಹೆಂಗಸರು ಬಾವಿಕಟ್ಟೆಯ ಮೇಲೆ ನನ್ನನ್ನು ಅದೇ ಮಾತಿಗೆ ಕಾಡುತ್ತಿದ್ದರು. ಬೇಸಿಗೆ ಬಂತೆಂದರೆ ಎರಡು ಕೊಡ ನೀರಿಗೆ ಹರದಾರಿ ನಡೆಯುವ ಊರಿನವಳು ನೀನು, ನಿಮ್ಮಲ್ಲಿ ನೀರು ಮೇಲಿನಿಂದ ಧುಮುಕುತ್ತದೆಯೇ ಎಂದು. ನಾನು ಹುಟ್ಟಾ ಬಾಯಿಬಡುಕಿ. ಯಾರ ಮಾತಿಗೂ ಎದುರುತ್ತರ ಕೊಡದೆ ಬಿಟ್ಟವಳಲ್ಲ. ಆ ಒಂದು ಮಾತಿಗೆ ಮಾತ್ರ ಸುಮ್ಮನೆ ಕೊಡ ಎತ್ತಿಕೊಂಡು ಮನೆಗೆ ಬಂದುಬಿಡುತ್ತಿದ್ದೆ. ಹೊಸ ಸೊಸೆ ನಾಚಿಕೊಂಡಳು ಎಂದು ಅವರು ತಿಳಿದಿರಬೇಕು.

ಧಬಧಬಿ ಇದ್ದದ್ದು ಸುಳ್ಳಲ್ಲ. ಊರಿನ ಹಿಂದಿನ ಗುಡ್ಡದ ಸಾಲಿನಲ್ಲಿ ಒಂದು ಕಡೆ ಕಲ್ಲು ಗೋಡೆ ಕಟ್ಟಿದಂತೆ ನೆಟ್ಟಗೆ ಇಳಿದಿದೆ. ವರ್ಷದ ಒಂಬತ್ತು ತಿಂಗಳು ಅಲ್ಲಿ ನೀರು ಇಳಿದ ಕರಿ ಕಲೆ ಬಿಟ್ಟರೆ ಏನೂ ಕಾಣದು. ಶ್ರಾವಣ ಕಳೆದು ದೊಡ್ಡ ಮಳೆ ಹಿಡಿದವೆಂದರೆ ಗುಡ್ಡದ ಮೇಲಿನ ಬಯಲಿನ ನೀರೆಲ್ಲ ಹಳ್ಳವಾಗಿ ಬಂದು ಆ ಕಲ್ಲಿನಿಂದ ಕೆಳಕ್ಕೆ ಬೀಳುತ್ತಿತ್ತು. ಬಿದ್ದಲ್ಲಿ ಒಂದು ಮಡು. ಅಲ್ಲಿಂದ ಹಳ್ಳ ಎರಡು ಗುಡ್ಡಗಳ ಸಂದಿಯಲ್ಲಿ ಹರಿದು, ಊರಿನ ಪಕ್ಕ ಹಾದು, ಎರೆ ಹೊಲಗಳ ಕಡೆಗೆ ಹೋಗುತ್ತಿತ್ತು. ಮೂರಾಳಿನ ಎತ್ತರ ಇದ್ದೀತು, ಅಷ್ಟೇ. ದೊಡ್ಡ ದೊಡ್ಡ ಜಲಪಾತ ಕಂಡವರು ಅದನ್ನು ನೋಡಿದರೆ ಮೂಗು ಮುರಿಯುತ್ತಾರೆ. ಆದರೆ ನಮ್ಮ ಧಬಧಬಿಗೆ ಒಂದು ವಿಶೇಷವಿತ್ತು. ಅದು ಬಣ್ಣಬಣ್ಣವಾಗಿ ಬೀಳುತ್ತಿತ್ತು.

ನಮ್ಮದು ನೇಕಾರರ ಓಣಿ. ಮನೆಮನೆಯಲ್ಲೂ ನೆಲದಲ್ಲಿ ಕುಣಿ ತೋಡಿ ಮಗ್ಗ ಹೂಡಿದ್ದರು. ಸೀರೆ ನೇಯುವವರು ನಾವು, ನೂಲಿಗೆ ಬಣ್ಣ ಹಾಕುವವರು ಬೇರೆ, ಊರಲ್ಲಿ ನಾಲ್ಕಾರು ಮನೆ. ಹಂಡೆಯಲ್ಲಿ ಕುದಿಸಿ ಬಣ್ಣ ಹಾಕಿದ ನೂಲಿನ ಲಡಿಗಳನ್ನು ಅವರು ಮಳೆಗಾಲದಲ್ಲಿ ಕತ್ತೆಗಳ ಮೇಲೆ ಹೇರಿಕೊಂಡು ಗುಡ್ಡದ ಮೇಲಿನ ಬಯಲಿಗೆ ಒಯ್ಯುತ್ತಿದ್ದರು. ಅಲ್ಲಿ ಹಳ್ಳ ಹಾಸುಬಂಡೆಯ ಮೇಲೆ ಹರಡಿಕೊಂಡು ಹರಿಯುತ್ತದೆ. ಪಾದ ಮುಳುಗುವಷ್ಟು ನೀರು, ಒಂದು ಚೂರು ಕೆಸರಿಲ್ಲ. ನೂಲಿಗೆ ಹಿಡಿಯದೆ ಉಳಿದ ಬಣ್ಣ ಬಿಡುವ ತನಕ ಅವರು ಅಲ್ಲಿ ಲಡಿಗಳನ್ನು ಜಾಲಾಡುತ್ತಿದ್ದರು. ಆಗ ಕೆಳಗಿನ ಧಬಧಬಿ ಒಂದು ದಿನ ಕೆಂಪು, ಒಂದು ದಿನ ನೀಲಿ, ಒಂದು ದಿನ ಅರಿಷಿಣವಾಗಿ ಬೀಳುತ್ತಿತ್ತು. ಸಣ್ಣವರಿದ್ದಾಗ ನಾವು ನೀರಿನ ಬಣ್ಣ ನೋಡಿ ಮುಂದಿನ ವಾರ ಯಾರ ಮಗ್ಗದ ಮೇಲೆ ಯಾವ ಸೀರೆ ಬರುತ್ತದೆ ಎಂದು ಪಂಥ ಕಟ್ಟುತ್ತಿದ್ದೆವು.

ಈ ಕಥೆಯನ್ನೆಲ್ಲ ನಾನು ಅತ್ತಿಗೆಗೆ ಹೇಳಿದ್ದೆ. ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ, ಸವಡಿಯವಳು. ಅವಳ ಮನೆಯವರೂ ನಮ್ಮವರೇ. ಅಜ್ಜನ ಕಾಲಕ್ಕೇ ಮಗ್ಗ ಬಿಚ್ಚಿಟ್ಟು ಒಕ್ಕಲುತನಕ್ಕೆ ಇಳಿದಿದ್ದರು. ನಾವಿನ್ನೂ ಮುಂಬಯಿ ರಾಜ್ಯದಲ್ಲಿದ್ದ ಕಾಲ ಅದು. ಅವಳು ನಮ್ಮ ಮನೆ ತುಂಬಿದಾಗ ಅವಳಿಗೆ ಹದಿನೆಂಟು, ನನಗೆ ಹದಿನೈದು. ಎತ್ತರದ ಹುಡುಗಿ, ದೊಡ್ಡ ಹೆಜ್ಜೆ. ಹೊಲದಲ್ಲಿ ನಡೆದು ರೂಢಿಯಾದವರು ನಡೆಯುವ ಹಾಗೆ ಪಡಸಾಲೆಯಲ್ಲೂ ನಡೆಯುತ್ತಿದ್ದಳು. ಬಂದ ಎಂಟು ದಿನದೊಳಗೆ ಎರಡು ಸಲ ಮಗ್ಗಕ್ಕೆ ಉದ್ದಕ್ಕೆ ಎಳೆದ ಹಾಸಿನ ನೂಲನ್ನು ಕಾಲಿಗೆ ತೊಡರಿಸಿಕೊಂಡು ಹರಿದಳು.

ನಮ್ಮ ಅವ್ವನಿಗೆ ಅದನ್ನು ತಡೆದುಕೊಳ್ಳಲು ಆಗಲಿಲ್ಲ. ಅವ್ವ ಕೆಟ್ಟವಳಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸೊಸೆಗೆ ಉಣ್ಣಲು ಉಡಲು ಕಡಿಮೆ ಮಾಡಿದವಳಲ್ಲ, ಕೈ ಎತ್ತಿದವಳಲ್ಲ. ಆದರೆ ಅವಳ ನಾಲಿಗೆ ಮಗ್ಗದ ಲಾಳಿಯ ಹಾಗೆ ಅತ್ತಿಂದಿತ್ತ ಓಡುತ್ತಲೇ ಇರುತ್ತಿತ್ತು. ಅತ್ತಿಗೆ ನೂಲು ಗಂಟು ಹಾಕಿದರೆ ಅದು ಕಣ್ಣಿ ಹಗ್ಗದ ಗಂಟು ಎನ್ನುತ್ತಿದ್ದಳು. ಗಂಜಿ ಕಾಸಿದರೆ ದನಕ್ಕೆ ಇಡಲು ಚಲೋ ಆಗಿದೆ ಎನ್ನುತ್ತಿದ್ದಳು. ಕುಂಟೆ ಹಿಡಿದ ಕೈಗೆ ನೂಲು ಎಲ್ಲಿ ಸಿಗುತ್ತದೆ ಎಂಬುದಂತೂ ದಿನದ ಮಾತು. ಅಣ್ಣ ಮಗ್ಗದ ಕುಣಿಯಲ್ಲಿ ಕುಳಿತು ನಗುತ್ತಿದ್ದ. ನಾನೂ ನಗುತ್ತಿದ್ದೆ. ಸುಳ್ಳೇಕೆ, ಅವ್ವನಿಗಿಂತ ನಾನೇ ಹೆಚ್ಚು ಅಂದಿದ್ದೇನೆ. ಮನೆಯಲ್ಲಿ ಎಲ್ಲರಿಗಿಂತ ಸಣ್ಣವಳಾಗಿ ಎಲ್ಲರಿಂದ ಅನ್ನಿಸಿಕೊಂಡವಳಿಗೆ, ತನಗಿಂತ ದಡ್ಡಿ ಒಬ್ಬಳು ಸಿಕ್ಕರೆ ಎಷ್ಟು ಸುಖವಾಗುತ್ತದೆ ಎಂಬುದು ನನಗೆ ಗೊತ್ತು.

ಒಂದು ಬೆಳಿಗ್ಗೆಯ ಮಾತು ಹೇಳಬೇಕು. ಹಾಸಿನ ನೂಲನ್ನು ಓಣಿಯುದ್ದಕ್ಕೂ ಎಳೆದು ಕಟ್ಟಿ, ಗಂಜಿ ಹಚ್ಚಿ, ಕುಂಚದಿಂದ ತಿಕ್ಕಿ ಒಣಗಿಸುವ ಕೆಲಸ ನಮ್ಮದು. ಅದಕ್ಕೆ ಬಿಸಿಲು ಬೇಕು. ಅಂದು ಬಿಸಿಲು ಚೆನ್ನಾಗಿತ್ತು. ಅತ್ತಿಗೆ ಹೊಸ್ತಿಲಲ್ಲಿ ನಿಂತು ಗಾಳಿ ತಿರುಗಿದೆ, ಮಧ್ಯಾಹ್ನದೊಳಗೆ ಮಳೆ ಬರುತ್ತದೆ, ಇವತ್ತು ಹಾಸು ಕಟ್ಟುವುದು ಬೇಡ ಎಂದಳು. ನಾವು ನಕ್ಕು ಕಟ್ಟಿದೆವು. ಹನ್ನೊಂದರ ಹೊತ್ತಿಗೆ ಮಳೆ ಹೊಡೆದು ಗಂಜಿಯೆಲ್ಲ ತೊಳೆದು ಓಣಿಯಲ್ಲಿ ಹರಿಯಿತು. ಹಸಿ ನೂಲನ್ನು ಒಳಗೆ ಎಳೆದುಕೊಳ್ಳುತ್ತ ಅವ್ವ ಅಂದದ್ದು, ನೀನು ಹೇಳಿದ್ದು ಖರೆಯಾಯಿತು ಎಂದಲ್ಲ. ಇವಳು ಬಾಯಿ ಹಾಕಿದಳು, ಅದಕ್ಕೇ ಮಳೆ ಬಂತು ಎಂದು. ಅಂದಿನಿಂದ ಅತ್ತಿಗೆ ಮಳೆ ಗಾಳಿಯ ಮಾತು ಎತ್ತಲಿಲ್ಲ. ಆಕಾಶ ನೋಡುತ್ತಿದ್ದಳು, ಒಳಗೆ ಬರುತ್ತಿದ್ದಳು, ರಾಟಿಯ ಮುಂದೆ ಕುಳಿತು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದಳು.

ಆ ಕಂಡಿಕೆ ಸುತ್ತುವ ಹೊತ್ತಿನಲ್ಲೇ ನಾನು ಅವಳಿಗೆ ಧಬಧಬಿಯ ಕಥೆ ಹೇಳುತ್ತಿದ್ದದ್ದು. ಅವಳಿಗೆ ನಂಬಲು ಆಗುತ್ತಿರಲಿಲ್ಲ. ಸವಡಿಯ ಸುತ್ತ ಕಣ್ಣು ಹಾಯುವ ತನಕ ಎರೆಭೂಮಿ. ನೀರು ಎಂದರೆ ಅಲ್ಲಿ ಮಲಗಿಕೊಂಡು ಹರಿಯುವುದು, ಬೀಳುವುದಲ್ಲ. ಅದೂ ಕುಂಕುಮದ ಬಣ್ಣದಲ್ಲಿ ಬೀಳುತ್ತದೆ ಎಂದಾಗ ರಾಟಿ ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದಳು. ಒಮ್ಮೆ ಕರೆದುಕೊಂಡು ಹೋಗು ಎಂದು ಗುಟ್ಟಾಗಿ ಕೇಳುತ್ತಿದ್ದಳು. ನಮ್ಮ ಮನೆಗೆ ಬಂದಮೇಲೆ ಅವಳು ತನಗೆಂದು ಬಾಯಿಬಿಟ್ಟು ಕೇಳಿದ್ದು ಅದೊಂದೇ.

ನೇಕಾರರಿಗೆ ಬಿಡುವೆಂದರೆ ಅಮಾವಾಸ್ಯೆ. ಆ ದಿನ ಮಗ್ಗದ ಕುಣಿಗೆ ಇಳಿಯುವಂತಿಲ್ಲ, ರಾಟಿ ತಿರುಗಿಸುವಂತಿಲ್ಲ. ಬಣ್ಣದವರ ಹಂಡೆಯ ಕೆಳಗೆ ಬೆಂಕಿಯೂ ಇಲ್ಲ, ಅಮಾವಾಸ್ಯೆಯ ಬಣ್ಣ ನೂಲಿಗೆ ನಿಲ್ಲುವುದಿಲ್ಲ ಎಂದು ನಂಬಿಕೆ. ಆ ವರ್ಷ ಮಹಾನವಮಿ ಅಮಾವಾಸ್ಯೆಗೆ ಮಳೆ ಚೆನ್ನಾಗಿ ಆಗಿತ್ತು. ಹಳ್ಳದ ದಂಡೆಯಲ್ಲಿ ನಮ್ಮ ಓಣಿಯವರು ಗಂಗವ್ವನೆಂದು ಪೂಜಿಸುವ ಒಂದು ಕಲ್ಲು ಇತ್ತು. ಅದಕ್ಕೆ ಎಡೆ ಕೊಟ್ಟು ಬರಲು ಅವ್ವ ನಮ್ಮಿಬ್ಬರನ್ನು ಕಳಿಸಿದಳು. ಕಲ್ಲಿನ ತನಕ ಹೋಗಿ ಲಗೂ ಬಂದುಬಿಡಿ ಎಂದು ಎರಡೆರಡು ಸಲ ಹೇಳಿದಳು. ಅಣ್ಣ ಕಟ್ಟೆಯ ಮೇಲೆ ಗೆಳೆಯರ ಜೊತೆ ಕುಳಿತಿದ್ದ. ಹೆಂಡತಿ ಹೊರಟದ್ದನ್ನು ನೋಡಿ ಏನೋ ಚೇಷ್ಟೆ ಮಾಡಿದ. ಅವಳು ಸೆರಗು ಬಾಯಿಗೆ ಒತ್ತಿ ನಕ್ಕಳು.

ಎಡೆ ಕೊಟ್ಟೆವು. ಕಲ್ಲಿಗೆ ನೀರು ಹಾಕಿದೆವು. ಹೊತ್ತು ಇನ್ನೂ ನೆತ್ತಿಗೆ ಬಂದಿರಲಿಲ್ಲ. ಇಲ್ಲಿಂದ ಧಬಧಬಿ ಅರ್ಧ ಹರದಾರಿಯೂ ಇಲ್ಲ, ಹೋಗಿ ಬಂದರೆ ಅವ್ವನಿಗೆ ತಿಳಿಯುವುದಿಲ್ಲ ಎಂದು ನಾನೇ ಅಂದೆ. ಅವಳು ಊರಿನ ಕಡೆ ಒಮ್ಮೆ ನೋಡಿ, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ನನಗಿಂತ ಮುಂದೆ ನಡೆದಳು.

ಆ ದಾರಿಯನ್ನು ನಾನು ಎಷ್ಟೋ ಸಲ ಮನಸ್ಸಿನಲ್ಲಿ ನಡೆದಿದ್ದೇನೆ. ಹಳ್ಳವನ್ನು ಎಡಕ್ಕೆ ಬಿಟ್ಟುಕೊಂಡು ಸಣ್ಣ ಕಾಲುದಾರಿ. ಮೊದಲು ಸಜ್ಜೆಯ ಹೊಲಗಳು, ತೆನೆಗೆ ಗಿಳಿಗಳ ಹಿಂಡು. ಆಮೇಲೆ ಹೊಲ ಮುಗಿದು ಕರಿ ಮಣ್ಣು ಕೆಂಪಾಗಿ, ಎರಡು ಕಡೆಯ ಗುಡ್ಡ ಹತ್ತಿರ ಬರುತ್ತದೆ. ನೀರು ಕಲ್ಲಿನಿಂದ ಕಲ್ಲಿಗೆ ಇಳಿಯುವ ಸಪ್ಪಳ. ಸೀತಾಫಲದ ಗಿಡಗಳು ಕಾಯಿ ಹೊತ್ತು ದಾರಿಗೆ ಬಾಗಿದ್ದವು. ಆವರಿಕೆ ಹಳದಿ ಹೂ ಬಿಟ್ಟಿತ್ತು. ಅತ್ತಿಗೆಯ ದೊಡ್ಡ ಹೆಜ್ಜೆಗೆ ಆ ದಿನ ತೊಡರಲು ನೂಲಿರಲಿಲ್ಲ. ಅವಳು ಕಲ್ಲುಗಳ ಮೇಲೆ ಹಾರಿ ಹಾರಿ ಹೋಗುತ್ತಿದ್ದಳು, ನಾನು ಏದುಸಿರು ಬಿಡುತ್ತ ಹಿಂದಿನಿಂದ ಬರುತ್ತಿದ್ದೆ. ನಡುನಡುವೆ ನಿಂತು ನನಗೆ ಕೈ ಕೊಡುತ್ತಿದ್ದಳು. ಇದು ಯಾವ ಹಕ್ಕಿ, ಈ ಸೊಪ್ಪು ಯಾವ ಬೇನೆಗೆ, ಈ ಕಲ್ಲಿನ ಕೆಳಗೆ ಚೇಳು ಇರುತ್ತದೆ ಎಂದು ಹೇಳುತ್ತಲೇ ಇದ್ದಳು. ಮನೆಯಲ್ಲಿ ತಿಂಗಳಿಗೆ ಆಡುವಷ್ಟು ಮಾತನ್ನು ಆ ಅರ್ಧ ಹರದಾರಿಯಲ್ಲಿ ಆಡಿದಳು. ಇವಳಿಗೆ ಇಷ್ಟೆಲ್ಲ ಗೊತ್ತಿದೆಯೇ ಎಂದು ನನಗೆ ಆಶ್ಚರ್ಯವಾಯಿತು. ಆಶ್ಚರ್ಯಕ್ಕಿಂತ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತೆಂದು ಹೇಳಬೇಕು. ಈ ಗುಡ್ಡ ನಮ್ಮದು, ತೋರಿಸುವವಳು ನಾನು.

ಕೊನೆಯ ತಿರುವು ದಾಟಿದಾಗ ಧಬಧಬಿ ಕಂಡಿತು. ನೀರು ಹದವಾಗಿತ್ತು, ಬಿಳಿ ಪಂಚೆ ಹರವಿದ ಹಾಗೆ ಕಲ್ಲಿಗೆ ಅಂಟಿ ಇಳಿಯುತ್ತಿತ್ತು. ಅತ್ತಿಗೆ ಬಾಯಿ ತೆರೆದು ನಿಂತಳು. ಸ್ವಲ್ಪ ಹೊತ್ತಿನ ಮೇಲೆ ನನ್ನ ಕಡೆ ತಿರುಗಿದಾಗ ಅವಳ ಕಣ್ಣಲ್ಲಿ ನೀರಿತ್ತು. ಯಾಕೆ ಎಂದು ಕೇಳಿದರೆ ನಕ್ಕು, ತನ್ನ ಅವ್ವನಿಗೆ ತೋರಿಸಬೇಕು ಎಂದಳು. ಇಷ್ಟು ಬಿಳಿಯ ಧಬಧಬಿಗೇ ಹೀಗಾದರೆ ಬಣ್ಣದ ಧಬಧಬಿ ನೋಡಿದರೆ ಏನು ಮಾಡುತ್ತೀ ಎಂದು ನಾನು ಬಿಗುಮಾನ ತೋರಿಸಿದೆ. ಮಡುವಿನ ನಡುವೆ ಒಂದು ಚಪ್ಪಟೆ ಬಂಡೆ ಇತ್ತು, ಮೊಳಕಾಲು ನೀರಿನಲ್ಲಿ ನಡೆದು ಹೋಗಬಹುದು. ಅಲ್ಲಿಂದ ನೋಡಿದರೇ ಚೆಂದ ಎಂದು ನಾನೇ ಅವಳನ್ನು ಕಳಿಸಿದೆ. ಅವಳು ಅದರ ಮೇಲೆ ಕುಳಿತು ಕಾಲು ಇಳಿಬಿಟ್ಟಳು. ನಾನು ದಂಡೆಯಲ್ಲಿ ಕುಳಿತೆ.

ತಲೆಯ ಮೇಲೆ ಬಿಸಿಲೇ ಇತ್ತು. ಗುಡ್ಡದ ಆಚೆ ಮೋಡವಿದೆಯೋ ಮಳೆಯಿದೆಯೋ ಎಂಬುದು ಆ ಸಂದಿಯಲ್ಲಿ ಕುಳಿತವರಿಗೆ ಕಾಣುವುದಿಲ್ಲ. ಎಷ್ಟು ಹೊತ್ತು ಕಳೆಯಿತೋ, ಬೀಳುವ ನೀರಿನ ಒಂದು ಅಂಚಿಗೆ ತೆಳ್ಳಗೆ ಕೆಂಪು ಕಂಡಿತು. ನಾನು ಕುಳಿತಲ್ಲೇ ಚಪ್ಪಾಳೆ ತಟ್ಟಿದೆ. ನೋಡು, ಸುಳ್ಳು ಹೇಳುತ್ತೇನೆ ಅಂತಿದ್ದೆಯಲ್ಲ, ನೋಡು ಎಂದೆ. ಕೆಂಪು ಹರಡಿ ಇಡೀ ಧಬಧಬಿ ಕುಂಕುಮದ ನೀರಾಯಿತು. ಅವಳೂ ಮೊದಲು ಸಣ್ಣ ಹುಡುಗಿಯ ಹಾಗೆ ಖುಷಿಪಟ್ಟಳು. ಆಮೇಲೆ ಬಗ್ಗಿ ಬೊಗಸೆಯಲ್ಲಿ ನೀರು ಎತ್ತಿಕೊಂಡು ಬೆರಳ ಸಂದಿಯಿಂದ ಸೋರಲು ಬಿಟ್ಟಳು. ಅಂಗೈ ನನ್ನ ಕಡೆಗೆ ಹಿಡಿದಳು.

“ಮಣ್ಣು ಐತಿ ನೋಡು, ತಂಗಿ. ಬಣ್ಣದಾಗ ಮಣ್ಣು ಇರತೈತೇನು? ಹೊಸಾ ನೀರು ಬರಾಕತ್ತಿರಬೇಕು. ಮ್ಯಾಲ ಹೋಗೂನು ನಡಿ.”

ನನಗೆ ಸಿಟ್ಟು ಬಂತು. ಇಷ್ಟು ದೂರ ಕರೆದುಕೊಂಡು ಬಂದು ತೋರಿಸಿದರೆ ಇವಳು ಅದರಲ್ಲೂ ತನ್ನ ಒಕ್ಕಲುತನದ ಮಾತು ತರುತ್ತಾಳಲ್ಲ ಎಂದು. ಅವ್ವನ ದನಿಯೇ ನನ್ನ ಬಾಯಿಯಿಂದ ಬಂತು.

“ಅದು ಬಣ್ಣದ ಗಸಿ, ಅತ್ತಿಗಿ. ನೂಲಿಂದು ನಿಂಗೇನು ಗೊತ್ತು? ಮ್ಯಾಲ ಲಡಿ ತೊಳ್ಯಾಕತ್ತಾರ. ಸುಮ್ನ ಕುಂತು ನೋಡು, ಇನ್ನೂ ಕೆಂಪಾಗತೈತಿ.”

ಅವಳು ಎದ್ದು ನಿಂತಿದ್ದವಳು ಮತ್ತೆ ಕುಳಿತಳು. ನಾನು ಸೀತಾಫಲ ಕೀಳಲು ದಂಡೆಯ ಮೇಲಕ್ಕೆ ಹತ್ತಿದೆ. ಒಂದು ಹಣ್ಣು ಮೆತ್ತಗಾಗಿತ್ತು, ಅವಳಿಗೆಂದು ಉಡಿಯಲ್ಲಿ ಹಾಕಿಕೊಂಡೆ. ಎರಡನೆಯದಕ್ಕೆ ಕೈ ಚಾಚಿದಾಗ ನೀರಿನ ಸಪ್ಪಳ ಬದಲಾಯಿತು. ಚಕ್ಕಡಿಗಳು ಸಾಲಾಗಿ ಕಲ್ಲಿನ ಮೇಲೆ ಓಡಿ ಬಂದ ಹಾಗೆ ಕೇಳಿಸಿತು. ತಿರುಗಿ ನೋಡಿದರೆ ಅವಳು ಬಂಡೆಯ ಮೇಲೆ ನಿಂತಿದ್ದಳು. ಮೇಲೆ ಕಲ್ಲಿನ ಅಂಚಿನಲ್ಲಿ ನೀರು ಇಳಿಯುತ್ತಿರಲಿಲ್ಲ, ಮುಂದಕ್ಕೆ ಹಾರುತ್ತಿತ್ತು. ಮಣ್ಣು, ಕಂಟಿ, ಒಂದು ಇಡೀ ಗಿಡ. ನಾನು ಕೂಗಿದೆನೋ ಇಲ್ಲವೋ ನನಗೆ ತಿಳಿಯದು. ಅವಳು ದಂಡೆಯ ಕಡೆ ಒಂದು ಹೆಜ್ಜೆ ಇಟ್ಟಳು, ಆ ದೊಡ್ಡ ಹೆಜ್ಜೆ. ಆಮೇಲೆ ಬಂಡೆಯೂ ಇರಲಿಲ್ಲ, ಅವಳೂ ಇರಲಿಲ್ಲ.

ಊರಿಗೆ ಹೇಗೆ ಓಡಿ ಬಂದೆನೋ ಗೊತ್ತಿಲ್ಲ. ಕಾಲುದಾರಿ ಅರ್ಧ ನೀರಿನಲ್ಲಿ ಹೋಗಿತ್ತು, ಗುಡ್ಡದ ಮೈ ಹಿಡಿದುಕೊಂಡು ಬಂದೆ. ಓಣಿಯ ಬಾಯಿಗೆ ಬಂದು ನಿಂತಾಗ ಒಂದು ಕ್ಷಣ ನನಗೆ ಏನೋ ಕಡಿಮೆಯಾಗಿದೆ ಎನ್ನಿಸಿತು. ದಿನಾ ಆ ಓಣಿಯಲ್ಲಿ ಇಪ್ಪತ್ತು ಮೂವತ್ತು ಮಗ್ಗಗಳ ಸಪ್ಪಳ ಒಟ್ಟಿಗೆ ಕೇಳುತ್ತದೆ. ಅಂದು ಒಂದೂ ಕೇಳುತ್ತಿರಲಿಲ್ಲ. ಇವತ್ತು ಅಮಾವಾಸ್ಯೆ, ಇವತ್ತು ಯಾರೂ ಲಡಿ ತೊಳೆಯಲು ಹೋಗುವುದಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಅಮಾವಾಸ್ಯೆ ಎಂದೇ ನಮಗೆ ಬಿಡುವು ಸಿಕ್ಕಿದ್ದು, ಅಮಾವಾಸ್ಯೆ ಎಂದೇ ಎಡೆ ಒಯ್ದದ್ದು. ಹುಟ್ಟಿದಂದಿನಿಂದ ನೂಲಿನಲ್ಲಿ ಬೆಳೆದ ನಾನು ಅದನ್ನು ಮರೆತಿದ್ದೆ. ಕಟ್ಟೆಯ ಮೇಲಿನ ಅಣ್ಣ ನನ್ನ ಮುಖ ನೋಡಿ ಏನೂ ಕೇಳದೆ ಹಳ್ಳದ ಕಡೆ ಓಡಿದ.

ಅವಳು ಸಿಕ್ಕದ್ದು ಮರುದಿನ ಮಧ್ಯಾಹ್ನ, ಗುಡ್ಡ ಮುಗಿದು ಎರೆ ಹೊಲ ಸುರುವಾಗುವಲ್ಲಿ. ಅಷ್ಟರಲ್ಲಿ ಹಳ್ಳ ಇಳಿದು ಮತ್ತೆ ಮೊಳಕಾಲು ನೀರಾಗಿತ್ತು. ನಾನು ಆ ಕಡೆ ಹೋಗಲಿಲ್ಲ, ಮನೆಯವರು ಹೋಗಗೊಡಲಿಲ್ಲ.

ಸಂಜೆಗೆ ಸವಡಿಯಿಂದ ಚಕ್ಕಡಿ ಬಂತು. ಅವಳ ತಾಯಿ ಮಗಳ ತಲೆಯ ಹತ್ತಿರ ಕುಳಿತು ಕೂದಲಲ್ಲಿ ಸಿಕ್ಕಿದ್ದ ಕಸವನ್ನು ಒಂದೊಂದಾಗಿ ತೆಗೆಯುತ್ತಿದ್ದಳು. ಜೋರಾಗಿ ಅಳಲಿಲ್ಲ. ಹಳ್ಳಕ್ಕೆ ಹೊಸ ನೀರು ಬರುವ ಮೊದಲು ಬಣ್ಣ ತಿರುಗುತ್ತದೆ, ತಿರುಗಿದ ಕೂಡಲೇ ದಂಡೆ ಏರಬೇಕೆಂದು ಮೂರು ವರ್ಷದವಳಿದ್ದಾಗಿನಿಂದ ಕಲಿಸಿದ್ದೆ, ಹೇಗೆ ಮರೆತಳು ಎಂದು ಮತ್ತೆ ಮತ್ತೆ ಕೇಳಿದಳು. ಯಾರನ್ನೂ ಕೇಳಿದ್ದಲ್ಲ, ಮಗಳನ್ನೇ ಕೇಳಿದ್ದು. ಓಣಿಯವರು ಅಮಾವಾಸ್ಯೆಯ ದಿನ ಮಡುವಿಗೆ ಹೋದದ್ದೇ ತಪ್ಪು ಎಂದರು. ನಮ್ಮ ಅವ್ವ ಕಣ್ಣೀರು ಒರೆಸಿಕೊಳ್ಳುತ್ತ, ಹುಡುಗಿ ಸ್ವಲ್ಪ ಮಂಕು, ಪಾಪ, ಅವಳಿಗೆ ಎಲ್ಲಿ ತಿಳಿಯಬೇಕು ಎಂದಳು. ಸಮಾಧಾನಕ್ಕೆಂದೇ ಅಂದದ್ದು. ಬೇರೆಯವರೂ ಹೌದು ಹೌದು ಎಂದರು. ತಾಯಿ ತಲೆ ಎತ್ತಿ ನಮ್ಮೆಲ್ಲರನ್ನೂ ನೋಡಿ ಮತ್ತೆ ಕೂದಲಿಗೆ ಕೈ ಹಾಕಿದಳು.

ನಾನು ಕಂಬಕ್ಕೆ ಒರಗಿ ಕುಳಿತಿದ್ದೆ. ಒಂದು ಮಾತು ಹೇಳಬೇಕಿತ್ತು. ಅವಳು ಮರೆಯಲಿಲ್ಲ, ಅವಳು ಹೇಳಿದಳು, ನಾನು ಕೇಳಲಿಲ್ಲ ಎಂದು. ಎಲ್ಲರಿಗಿಂತ ದೊಡ್ಡ ಬಾಯಿ ನನ್ನದು, ಅಂದು ಅದು ಬಿಚ್ಚಲಿಲ್ಲ. ಅಂಜಿಕೆಯಾಯಿತು. ಅಣ್ಣ ನನ್ನನ್ನು ಏನು ಮಾಡಿಯಾನು ಎಂಬ ಅಂಜಿಕೆ. ಹದಿನೈದು ವರ್ಷದವಳು ಎಂದು ನನ್ನನ್ನು ಬಿಟ್ಟುಬಿಡುವವರು ಬಿಡಲಿ, ನಾನು ಬಿಟ್ಟಿಲ್ಲ. ಅವಳು ದಡ್ಡಿ ಎಂದು ಅವಳ ಹೆಣದ ಮುಂದೆ ಎಲ್ಲರೂ ಒಪ್ಪಿಕೊಂಡರು, ನಾನು ಒಪ್ಪಿಸಿದೆ.

ವರ್ಷ ತುಂಬುವ ಮೊದಲೇ ಅಣ್ಣನಿಗೆ ಮತ್ತೊಂದು ಮದುವೆಯಾಯಿತು. ಹೊಸ ಅತ್ತಿಗೆಗೆ ನೂಲಿನ ಕೆಲಸ ಬೆರಳ ತುದಿಯಲ್ಲಿತ್ತು. ಅವ್ವನಿಗೆ ಅನ್ನಲು ಏನೂ ಉಳಿಯಲಿಲ್ಲ. ಮರುವರ್ಷ ನನ್ನನ್ನು ರೋಣಕ್ಕೆ ಕೊಟ್ಟರು. ಗಂಡನ ಮನೆಯವರದು ಬಟ್ಟೆ ಅಂಗಡಿ. ಸವಡಿ ಅಲ್ಲಿಂದ ಬೆಳಿಗ್ಗೆ ಹೋಗಿ ಸಂಜೆ ಬರುವಷ್ಟು ಹತ್ತಿರ. ಸಂತೆಯ ದಿನ ಸವಡಿಯ ಚಕ್ಕಡಿಗಳು ನಮ್ಮ ಬಾಗಿಲ ಮುಂದೆಯೇ ಹೋಗುತ್ತಿದ್ದವು. ನಾನು ಒಳಗೆ ಇರುತ್ತಿದ್ದೆ.

ಆದರೆ ಒಂದು ಸಂತೆಗೆ ತೀರಿಹೋದ ಅತ್ತಿಗೆಯ ತಾಯಿಯೇ ಅಂಗಡಿಗೆ ಬಂದಳು. ಕುಪ್ಪಸದ ಬಟ್ಟೆ ಕೊಳ್ಳಲು ಬಂದವಳು ನನ್ನನ್ನು ಕಂಡು, ಹೊಟ್ಟೆಯಲ್ಲಿ ಹುಟ್ಟಿದ ಮಗಳನ್ನು ಕಂಡ ಹಾಗೆ ಗಲ್ಲ ಸವರಿ ನೆಟಿಗೆ ಮುರಿದಳು. ಒಮ್ಮೆ ಮನೆಗೆ ಬಾ, ಕಡಲೆ ಹೊಲದಲ್ಲಿ ಸೊಪ್ಪು ಎಳೆಯದಾಗಿದೆ, ನನ್ನ ಮಗಳನ್ನು ಕೊನೆಗೆ ಕಂಡ ಕಣ್ಣು ನಿನ್ನವು ಎಂದಳು. ಆ ಮಾತಿಗೆ ನನಗೆ ಎರಡು ದಿನ ಅನ್ನ ಇಳಿಯಲಿಲ್ಲ. ಮೂರನೆಯ ದಿನ, ಆ ಕಡೆ ಹತ್ತಿ ಬಿಡಿಸಲು ಹೊರಟಿದ್ದ ಹೆಂಗಸರ ಜೊತೆ ಸವಡಿಗೆ ನಡೆದೆ.

ಅವಳು ಪಡಸಾಲೆಯಲ್ಲಿ ಕಡಲೆ ಸೊಪ್ಪು ಸೋಸುತ್ತ ಕುಳಿತಿದ್ದಳು. ನೀರು ಕೊಟ್ಟಳು, ರೊಟ್ಟಿ ಮಜ್ಜಿಗೆ ಕೊಟ್ಟಳು, ನಮ್ಮ ಅವ್ವನನ್ನು ವಿಚಾರಿಸಿದಳು. ಅಂಗಳದಲ್ಲಿ ಅವಳ ಮೊಮ್ಮಗಳು, ಮಗನ ಮಗಳು, ನಾಲ್ಕು ವರ್ಷದ್ದು, ಆಡುತ್ತಿತ್ತು. ಸೊಸೆ ಅದನ್ನು ಹಳ್ಳದ ಕಡೆ ಬಿಡಬೇಡವೆಂದು ಕೂಗಿ ಹೇಳಿ ಹೊಲಕ್ಕೆ ಹೋದಳು. ಮುದುಕಿ ತಾನು ಈಗ ಆ ಮಗುವಿಗೆ ಹಳ್ಳ, ಮಳೆ, ಹುಳಹುಪ್ಪಡಿ ಯಾವುದನ್ನೂ ಕಲಿಸುವುದಿಲ್ಲ ಎಂದಳು. ತಾನು ಕಲಿಸಿದ್ದು ಒಬ್ಬಳಿಗೆ ಕೆಲಸಕ್ಕೆ ಬರಲಿಲ್ಲ, ತಾನು ಕಲಿಸಿದ್ದರಲ್ಲೇ ಏನೋ ಕೊರತೆಯಿತ್ತು, ಮಗಳನ್ನು ಕೊಂದವಳು ತಾನೇ ಎಂದು ಸೊಪ್ಪಿನ ಮೇಲಿನ ಕಣ್ಣು ತೆಗೆಯದೆ ಹೇಳಿದಳು. ನಾಲ್ಕು ವರ್ಷದಿಂದ ಆ ಹೆಂಗಸು ಅದನ್ನು ಹೊತ್ತುಕೊಂಡು ಓಡಾಡುತ್ತಿದ್ದಾಳೆ ಎಂಬುದು ನನಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂದರೂ ಸುಳ್ಳೇ. ಅಂದು ಕೂದಲು ಬಿಡಿಸುತ್ತ ಅವಳು ಕೇಳಿದ ಪ್ರಶ್ನೆಯನ್ನು ನಾನು ಕೇಳಿಸಿಕೊಂಡಿದ್ದೆ.

ಮಜ್ಜಿಗೆಯ ಗಂಗಾಳ ಕೆಳಗಿಟ್ಟು ಹೇಳಿಬಿಟ್ಟೆ. ಬಂಡೆಯ ಮೇಲೆ ಕಳಿಸಿದವಳು ನಾನು, ನೀರು ಕೆಂಪಾದದ್ದನ್ನು ಮೊದಲು ಅನುಮಾನಿಸಿದವಳು ಅವಳು, ಅದು ಬಣ್ಣ ಎಂದು ಮತ್ತೆ ಕೂರಿಸಿದವಳು ನಾನು ಎಂದೆ. ಅಮಾವಾಸ್ಯೆಯನ್ನು ಮರೆತದ್ದನ್ನೂ ಹೇಳಿದೆ. ಅವಳ ಕೈ ಸೊಪ್ಪಿನ ಮೇಲೆ ನಿಂತಿತು.

“ಆಕಿ ಹೇಳಿದ್ಲೇನು?” ಎಂದಳು.

“ಹೇಳಿದ್ಲು, ಅತ್ತಿ. ಹೊಸಾ ನೀರು ಅಂದ್ಲು. ಅಂಗೈಯಾಗಿನ ಮಣ್ಣು ತೋರಿಸಿದ್ಲು.”

ಅವಳ ಮುಖ ಒಂದು ಗಳಿಗೆ ಹಗುರಾಯಿತು. ಅದನ್ನು ನಾನು ಕಂಡೆ. ಮಗಳು ಮರೆತಿರಲಿಲ್ಲ. ಅದಕ್ಕಾಗಿಯಾದರೂ ನಾನು ಬಂದದ್ದು ಸಾರ್ಥಕವಾಯಿತು ಎಂದು ಮನಸ್ಸಿನಲ್ಲಿ ಅಂದುಕೊಂಡೆ. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನು ಕಾಲು ಹಿಡಿಯುತ್ತಿದ್ದೆ, ಅದಕ್ಕೆ ತಯಾರಾಗಿಯೇ ಬಂದಿದ್ದೆ. ಆಮೇಲೆ ನಿಧಾನವಾಗಿ ಕೇಳಿದಳು, ನೀನು ಅದು ಬಣ್ಣ ಎಂದಾಗ ಅವಳು ಏನಂದಳು ಎಂದು.

ಆ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ಸೀತಾಫಲದ ಗಿಡದ ಕಡೆ ಬೆನ್ನು ತಿರುಗಿಸಿದಾಗ ಹಿಂದಿನಿಂದ ಕೇಳಿದ್ದು, ನೀರಿನ ಸಪ್ಪಳದಲ್ಲಿ ಅರ್ಧ ಮುಳುಗಿದ್ದು. ಸುಳ್ಳು ಹೇಳಬಹುದಿತ್ತು. ಏನೂ ಅನ್ನಲಿಲ್ಲ ಎಂದರೆ ಮುಗಿದುಹೋಗುತ್ತಿತ್ತು.

“‘ಮತ್ತ ನಂದ ತಪ್ಪಾತು’ ಅಂದ್ಲು. ಅಂದು ಕುಂತ್ಲು.”

ಮುದುಕಿ ನನ್ನನ್ನೇ ನೋಡಿದಳು. ಮಗು ಅಂಗಳದಿಂದ ಏನೋ ಕೂಗಿತು, ಅವಳು ಅತ್ತ ತಿರುಗಲಿಲ್ಲ.

“ನಮ್ಮ ಮನ್ಯಾಗ ಇದ್ದಾಗ,” ಎಂದಳು, “ಆಕಿ ಎಂದೂ ಹಂಗ ಅಂದಾಕಿ ಅಲ್ಲ.”